ನೇರಳೆ ಚಡ್ಡಿಯವರನ್ನು ಕೆಡವಬಾರದು

ಶನಿವಾರ ಎಲ್ಲರ ಮನೆಗೂ ಬಂದು ಸುಮ್ಮನೆ ಹೋಗುತ್ತದೆ. ನನ್ನ ಮನೆಗೆ ಬಂದರೆ ಮಾತ್ರ ಏನಾದರೊಂದು ಎಡವಟ್ಟು ಮಾಡಿಸದೆ ಹೊಸ್ತಿಲು ದಾಟುವುದಿಲ್ಲ. ಇದರಲ್ಲಿ ನನ್ನ ತಪ್ಪು ಕಾಲು ಭಾಗ ಅಂತ ನಾನು, ಮುಕ್ಕಾಲು ಅಂತ ನನ್ನ ಹೆಂಡತಿ.

ಓಕ್ಲ್ಯಾಂಡಿನ ಆಚೆಯ ಡಬ್ಲಿನ್‌ನಲ್ಲಿ ಮನೆ ಮಾಡಿದ ಹೊಸದರಲ್ಲಿ, ಹತ್ತಿರದ ಒಂದು ಹಳೇ ರಗ್ಬಿ ಕ್ಲಬ್ಬಿನಲ್ಲಿ ಆಡುತ್ತಿದ್ದೆ. ಎರಡನೇ ಮಹಾಯುದ್ಧ ಮುಗಿಸಿಕೊಂಡು ಬಂದ ಸೈನಿಕರು, ಓಕ್ಲ್ಯಾಂಡಿನ ಹಡಗುಕಟ್ಟೆಯ ಕೂಲಿಗಳು, ಒಬ್ಬ ಕಟುಕ, ಒಬ್ಬ ಹಲ್ಲಿನ ಡಾಕ್ಟರು ಸೇರಿಕೊಂಡು ಶುರು ಮಾಡಿದ ಕ್ಲಬ್ಬು. ಆಗಲೂ ಈಗಲೂ ಅಲ್ಲಿ ಆಡಿದ್ದಕ್ಕೆ ಯಾರಿಗೂ ಏನೂ ಸಿಗುವುದಿಲ್ಲ, ಬೆನ್ನುನೋವು ಒಂದು ಬಿಟ್ಟು. ಆ ಮೊದಲ ಕಾಲದವರಲ್ಲಿ, ನಾನು ಸೇರುವಷ್ಟರಲ್ಲಿ, ಒಬ್ಬರೇ ಒಬ್ಬರು ಉಳಿದಿದ್ದರು. ಅವರಿಗೆ ನಾನೊಂದು ಮಾತು ಕೊಟ್ಟಿದ್ದೆ. ಮುಂದೆ ಬರುವುದನ್ನೆಲ್ಲ ನಗುತ್ತಲೇ ಓದಿ, ನನ್ನ ಅಭ್ಯಂತರವಿಲ್ಲ. ಆ ಮಾತು ಮಾತ್ರ ಇವುಗಳ ನಡುವೆ ಊಟದಲ್ಲಿ ಸಿಕ್ಕ ಕಲ್ಲಿನ ಹಾಗೆ ಕೂತಿದೆ.

ಉಸಿರು ಬಿಗಿಹಿಡಿದ ತಂಡ

ಮಗಳನ್ನು ಡ್ಯಾನ್‌ವಿಲ್‌ನಲ್ಲಿ ಈಜು ಕ್ಲಾಸಿಗೆ ಬಿಟ್ಟು ಪಕ್ಕದ ಮೈದಾನದ ಸುತ್ತ ವಾಕಿಂಗ್ ಮಾಡುತ್ತಿದ್ದೆ. ಮೈದಾನದ ನಡುವೆ ಇಪ್ಪತ್ತು ಗಂಡಸರು ಒಬ್ಬರ ಮೇಲೊಬ್ಬರು ಬಿದ್ದಿದ್ದರು. ಜಗಳ ಅಂದುಕೊಂಡು ನೋಡೋಣ ಅಂತ ನಿಂತೆ. ರಾಶಿಯ ಅಡಿಯಿಂದ ಒಬ್ಬ ತೆವಳಿಕೊಂಡು ಹೊರಗೆ ಬಂದ. ಅವನೇ ಕ್ಯಾಪ್ಟನ್, ಹೊಟ್ಟೆಪಾಡಿಗೆ ಪ್ಲಂಬರು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ತೂಕ ಎಷ್ಟು ನಿಂದು?" ಅಂದ.

"ನೂರಾ ಎರಡು ಕಿಲೋ."

ಅವನ ಮುಖ ಅರಳಿತು. ಆ ಸಂಖ್ಯೆ ಕೇಳಿ ಖುಷಿಪಟ್ಟ ಮೊದಲ ಮನುಷ್ಯ ಅವನು. "ಮುಂಚೆ ಆಡಿದ್ದೀಯಾ?"

ಮೈಸೂರಿನ ಕಾಲೇಜಿನಲ್ಲಿ ನಾನು ಆಡಿದ್ದು ಕಬಡ್ಡಿ. ಅದೂ ಎರಡನೇ ಟೀಮಿನಲ್ಲಿ. "ಸ್ಟೇಟ್ ಲೆವೆಲ್," ಅಂದೆ. ಯಾವ ಆಟ ಅಂತ ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮುಂದಿನ ಶನಿವಾರ ಪ್ರಾಕ್ಟೀಸು. ಚೆಂಡು ಕಂಕುಳಲ್ಲಿ ಸಿಕ್ಕಿಸಿಕೊಂಡು ಒಬ್ಬ ಗೂಳಿಯಂಥವನು ನನ್ನ ಕಡೆಗೇ ನುಗ್ಗಿಬಂದ. ನನಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ಕೂತು, ಅವನ ಪಾದದ ಗಂಟು ಹಿಡಿದೆ. ಅವನು ಕಡಿದ ಬಾಳೆಗಿಡದ ಹಾಗೆ ಮೆತ್ತಗೆ ಉರುಳಿದ. ಅವನಿಗೂ ನೋವಿಲ್ಲ, ನನಗೂ ಇಲ್ಲ. ಎಲ್ಲರೂ ಸುತ್ತ ಸೇರಿದರು. ಇದನ್ನ ಎಲ್ಲಿ ಕಲಿತೆ, ಏನಿದು?

"ಇಂಡಿಯನ್ ರಗ್ಬಿ," ಅಂದೆ. "ನಮ್ಮಲ್ಲಿ ಉಸಿರು ಬಿಗಿಹಿಡಿದು ಆಡ್ತೀವಿ. ಎದುರಾಳಿ ಕಡೆ ಹೋದವನು ವಾಪಸು ಬರೋವರೆಗೂ ಉಸಿರು ಬಿಡಂಗಿಲ್ಲ. ಅದರಿಂದಲೇ ಈ ಶಕ್ತಿ."

ತಮಾಷೆಗೆ ಅಂದದ್ದು. ಅವರು ಮೂರು ಶನಿವಾರ ಅದನ್ನೇ ಅಭ್ಯಾಸ ಮಾಡಿದರು. ನಾಲ್ಕನೇ ಶನಿವಾರ ಮ್ಯಾಚಿನ ನಡುವೆ ನಮ್ಮ ಆರು ಜನ ತಲೆ ಸುತ್ತಿ ಕೂತರು. ಸರಿ, ನಾಲ್ಕು ಅನ್ನಿ. ರೆಫ್ರಿ ಓಡಿಬಂದು ಏನಾಯ್ತು, ಏನಾಯ್ತು ಅಂತ ಒಬ್ಬೊಬ್ಬರನ್ನೂ ಕೇಳಿದ. ಯಾರೂ ಬಾಯಿ ಬಿಡಲಿಲ್ಲ. ಉತ್ತರ ಕೊಡಬೇಕಾದರೆ ಉಸಿರು ಬಿಡಬೇಕಲ್ಲ!

ದನದ ಮೈದಾನ

ಆ ದಿನ ಗೆರೆಯ ಆಚೆ ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದ ಒಬ್ಬ ಮುದುಕರು ಮಾತ್ರ ಕಣ್ಣೀರು ಬರುವ ಹಾಗೆ ನಕ್ಕರು. ಮ್ಯಾಚು ಮುಗಿದ ಮೇಲೆ ಬೆರಳಲ್ಲಿ ಕರೆದರು. "ಬಾರೋ ಸುಳ್ಳುಗಾರ. ನಾನೂ ಸುಳ್ಳು ಹೇಳಿಯೇ ಸೇರಿದವನು. ಹದಿನಾರಕ್ಕೆ ಹತ್ತೊಂಬತ್ತು ಅಂದಿದ್ದೆ."

ಇವರೇ ಆ ಉಳಿದಿದ್ದ ಒಬ್ಬರು. ಆಗ ಎಂಬತ್ನಾಲ್ಕು. ನಾನು ಅವರನ್ನು ತಾತ ಅನ್ನುತ್ತಿದ್ದೆ, ಅವರು ಬೇಡ ಅನ್ನಲಿಲ್ಲ. ಅವರ ಇಂಗ್ಲಿಷನ್ನು ಇಲ್ಲಿ ನನ್ನ ಕನ್ನಡದಲ್ಲಿ ಹಾಕಿದ್ದೇನೆ. ಬೈಗುಳ ತೆಗೆದಿದ್ದರಿಂದ ಮಾತು ಅರ್ಧಕ್ಕೆ ಇಳಿದಿದೆ.

ಈಗ ಈಸ್ಟ್ ಬೇ ಅನ್ನುವ ನಮ್ಮ ಈ ಸೀಮೆಯಲ್ಲಿ ಕಣ್ಣು ಹಾಯಿಸಿದಷ್ಟೂ ಮನೆ. ತಾತನ ಕಾಲದಲ್ಲಿ ಕಣ್ಣು ಹಾಯಿಸಿದಷ್ಟೂ ದನ. ಕ್ಲಬ್ಬಿಗೆ ಮೈದಾನ ಇರಲಿಲ್ಲ. ಒಬ್ಬ ದನ ಸಾಕುವವನ ಹುಲ್ಲುಗಾವಲನ್ನು ಶನಿವಾರದ ಮಟ್ಟಿಗೆ ಕೇಳಿಕೊಂಡು ಆಡುತ್ತಿದ್ದರಂತೆ. ಯುದ್ಧದಲ್ಲಿ ಹಡಗು ನಡೆಸಿ ಬಂದವರು ಇಲ್ಲಿ ಮೊದಲ ಅರ್ಧ ಗಂಟೆ ಹಸು ಅಟ್ಟುತ್ತಿದ್ದರು.

ರಗ್ಬಿಯಲ್ಲಿ ಚೆಂಡನ್ನು ಎದುರಾಳಿಯ ಗೆರೆ ದಾಟಿಸಿ ನೆಲಕ್ಕೆ ಊರಿದರೆ ಪಾಯಿಂಟು. ಒಂದು ಸಲ ತಾತ ಗೆರೆ ದಾಟಿ ಬೋರಲು ಬಿದ್ದು ಚೆಂಡನ್ನು ಊರಿದ್ದಾರೆ. ಊರಿದ್ದು ಬಿಸಿ ಬಿಸಿ ಸಗಣಿಯ ಮೇಲೆ.

ಎದುರು ತಂಡದ ಕ್ಯಾಪ್ಟನ್ ತಕರಾರು ತೆಗೆದ. "ಚೆಂಡು ನೆಲ ಮುಟ್ಟಿಲ್ಲ. ಸಗಣಿ ಮುಟ್ಟಿದೆ."

ನಮ್ಮ ಕಟುಕ ಕ್ಯಾಪ್ಟನ್, "ಸಗಣಿ ನೆಲದ ಮೇಲಿದೆ. ಅಲ್ಲಿಗೆ ನೆಲವೇ," ಅಂದ.

"ಹಾಗಾದ್ರೆ ಹಸುವಿನ ಬೆನ್ನ ಮೇಲೆ ಊರಿದ್ರೂ ನೆಲವೇ?"

"ಹಸು ಮಲಗಿದ್ರೆ ನೆಲವೇ."

ಮೂವತ್ತು ಜನ ಸಗಣಿಯ ಸುತ್ತ ನಿಂತು ಅರ್ಧ ಗಂಟೆ ವಾದ ಮಾಡಿದರು. ಕೊನೆಗೆ ಬೇಲಿ ಹತ್ತಿರ ನಿಂತಿದ್ದ ದನದ ಯಜಮಾನನನ್ನೇ ತೀರ್ಪು ಹೇಳು ಅಂತ ಕರೆದರು. ಅವನು ಬಗ್ಗಿ ನೋಡಿ, "ಸಗಣಿ ನಂದು. ನೆಲಾನೂ ನಂದೇ. ನಡೀರಿ ಎಲ್ಲರೂ ಹೊರಗೆ," ಅಂದನಂತೆ.

ತಾಯಾಣೆ

ನಲವತ್ತು ದಾಟಿದವರು ಆಡುವ ರಗ್ಬಿಗೆ ಒಂದು ಪದ್ಧತಿ ಇದೆ. ಗುರುತು ಚಡ್ಡಿಯ ಬಣ್ಣದಲ್ಲಿ. ನಮ್ಮ ಕ್ಲಬ್ಬಿನಲ್ಲಿ ಅರವತ್ತು ದಾಟಿದರೆ ಕೆಂಪು ಚಡ್ಡಿ: ಹಿಡಿಯಬಹುದು, ಕೆಡವಬಾರದು. ಎಪ್ಪತ್ತು ದಾಟಿದರೆ ನೇರಳೆ ಚಡ್ಡಿ: ಹತ್ತಿರವೂ ಹೋಗಬಾರದು. ವರ್ಷಕ್ಕೊಮ್ಮೆ ವಸಂತದಲ್ಲಿ ಕ್ಲಬ್ಬಿನವರೇ ಎರಡು ತಂಡ ಮಾಡಿಕೊಂಡು ಆಡುವಾಗ ತಾತ ನೇರಳೆ ಚಡ್ಡಿ ಹಾಕಿಕೊಂಡು ಐದು ನಿಮಿಷಕ್ಕೆ ಇಳಿಯುತ್ತಿದ್ದರು. ಚೆಂಡು ಕೈಗೆ ಕೊಟ್ಟು ಎಲ್ಲರೂ ಪಕ್ಕಕ್ಕೆ ಸರಿಯುತ್ತಿದ್ದರು. ಇವರು ನಡೆದುಕೊಂಡು ಹೋಗಿ ಗೆರೆಯಾಚೆ ಚೆಂಡು ಇಡುವುದು, ಎಲ್ಲರೂ ಚಪ್ಪಾಳೆ.

ನನಗೆ ಅದು ಒಳ್ಳೇ ಪದ್ಧತಿ ಅನ್ನಿಸಿತ್ತು. ತಾತನಿಗೆ ಹಾಗನ್ನಿಸಿರಲಿಲ್ಲ.

"ಹದಿನಾಲ್ಕು ವರ್ಷ ಆಯ್ತೋ, ಯಾರೂ ನನ್ನನ್ನ ಮುಟ್ಟೇ ಇಲ್ಲ, ಕೆಡವೋದಂತೂ ದೂರ," ಅಂದರು ಒಂದು ದಿನ. "ದಾರಿ ಬಿಡ್ತಾರೆ, ಚಪ್ಪಾಳೆ ತಟ್ತಾರೆ. ನಾನೇನು ಡೇಕೇರ್ ಮಗೂನಾ? ಬೀಳೋ ಭಯ ಇಲ್ಲದೆ ಓಡೋದು ಆಟಾನಾ? ಒಂದು ಸಲ ಸರಿಯಾಗಿ ಕೆಡವಿಸಿಕೊಂಡು, ಆಟಗಾರನಾಗಿ ಎದ್ದು, ಆಮೇಲೆ ಬಿಡ್ತೀನಿ."

"ಮೂಳೆ ಮುರಿದ್ರೆ ತಾತ?"

"ಅದಕ್ಕೇ ನಿನ್ನನ್ನ ಕೇಳ್ತಿರೋದು. ನೀನು ಕೆಡವೋದು ನೋಡಿದ್ದೀನಿ. ಮಗು ಮಲಗಿಸಿದ ಹಾಗೆ ಇರುತ್ತೆ. ಈ ವಸಂತದಲ್ಲಿ ನೀನು ಎದುರು ತಂಡದಲ್ಲಿ ನಿಲ್ಲು. ಕೆಡವ್ತೀಯಾ?"

"ಕೆಡವ್ತೀನಿ. ತಾಯಾಣೆ."

ತಾಯಾಣೆ ಅಂದರೇನು ಅಂತ ಕೇಳಿದರು. ಹೆತ್ತ ತಾಯಿಯ ಮೇಲೆ ಪ್ರಮಾಣ, ತಪ್ಪಿದರೆ ಪಾಪ ಅವಳಿಗೆ ಅಂತ ವಿವರಿಸಿದೆ. ತಾತ ಸ್ವಲ್ಪ ಯೋಚಿಸಿ, "ನಿಮ್ಮ ತಾಯಿಗೆ ಈ ವಿಷಯ ಯಾರಾದ್ರೂ ತಿಳಿಸಿದ್ದಾರಾ?" ಅಂದರು.

ಬಾಳಕ

ಮ್ಯಾಚು ಮುಗಿದ ಮೇಲೆ, ಗೆದ್ದರೂ ಸೋತರೂ, ಊರಿನ ತಂಡ ಬಂದ ತಂಡಕ್ಕೆ ಊಟ ಹಾಕಬೇಕು. ಇದು ಯುದ್ಧ ಮುಗಿದ ಕಾಲದಿಂದ ಬಂದದ್ದು. ಆಗ ಬೇಯಿಸಿದ ಬೀನ್ಸು, ಅದಿಲ್ಲದಿದ್ದರೆ ತಣ್ಣಗಿನ ಬೀನ್ಸು. ನನ್ನ ಸರದಿ ಬಂದಾಗ ಹುಬ್ಬಳ್ಳಿಯ ನನ್ನ ಹೆಂಡತಿ ಮೂವತ್ತು ಜನಕ್ಕೆ ಮೊಸರನ್ನ ಮಾಡಿ, ಜೊತೆಗೆ ಬಾಳಕ ಕರಿದು ಕೊಟ್ಟಳು. ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿದ ಮೆಣಸಿನಕಾಯಿ. ಊರಿಂದ ಬಂದ ಡಬ್ಬ ಪೂರ್ತಿ ಖಾಲಿ.

ಬಂದ ತಂಡದ ಕ್ಯಾಪ್ಟನ್ ಆರೂವರೆ ಅಡಿ. "ಇದನ್ನ ಹೇಗೆ ತಿನ್ನೋದು?" ಅಂದ.

"ನಮ್ಮ ಕಡೆ ಅತಿಥಿ ಮೊದಲು ಇದನ್ನ ಬರೀ ಬಾಯಲ್ಲಿ ತಿಂದು ತೋರಿಸ್ತಾನೆ," ಅಂದೆ. "ಎಷ್ಟು ತಿಂತಾನೋ ಅಷ್ಟು ಗೌರವ."

ಅವನು ಒಂದು ತಿಂದ. ಮುಖ ಅಲುಗಲಿಲ್ಲ. ಎರಡು, ಮೂರು, ಏಳು ತಿಂದ. ಕಣ್ಣಲ್ಲಿ ನೀರಿಲ್ಲ, ಮೂಗಲ್ಲೂ ಇಲ್ಲ. ಆಮೇಲೆ ಶಾಂತವಾಗಿ, "ನಮ್ಮ ಕಡೆ ಅತಿಥಿ ಎಷ್ಟು ತಿಂತಾನೋ ಮನೆಯವನು ಅದರ ಎರಡರಷ್ಟು ತಿನ್ನಬೇಕು," ಅಂದ. ಅವನ ತಂಡದವರೆಲ್ಲ ಗಂಭೀರವಾಗಿ ತಲೆ ಆಡಿಸಿದರು. ಅವನ ಕಡೆ ಹಾಗೇನೂ ಇಲ್ಲ ಅಂತ ನನಗೆ ತಿಳಿದದ್ದು ಹದಿಮೂರನೆಯದರ ಹೊತ್ತಿಗೆ. ಆಗ ನನಗೆ ಕಿವಿ ಕೇಳಿಸುತ್ತಿರಲಿಲ್ಲ.

ತಾತನೂ ಒಂದು ತಿಂದು ಕುರ್ಚಿಯ ತೋಳು ಗಟ್ಟಿಯಾಗಿ ಹಿಡಿದುಕೊಂಡರು. ಮಾತು ಬಂದಾಗ, "ಹದಿನಾಲ್ಕು ವರ್ಷದ ಮೇಲೆ ಏನೋ ಒಂದು ನನಗೆ ಸರಿಯಾಗಿ ಬಡೀತು," ಅಂದರು.

ನನಗೆ ಎಪ್ಪತ್ತೆರಡಾದದ್ದು

ಇದನ್ನು ಹೇಳಿಕೊಳ್ಳಲು ಈಗ ಹೆಮ್ಮೆಯಿಲ್ಲ. ಆಗ ಬಹಳ ಇತ್ತು.

ಓಕ್ಲ್ಯಾಂಡಿನಿಂದ ಒಂದು ಹೊಸ ತಂಡ ಬಂದಿತ್ತು. ಅವರಿಗೆ ನನ್ನ ಪರಿಚಯ ಇರಲಿಲ್ಲ. ಕ್ಲಬ್ಬಿನ ಕಪಾಟಿನಲ್ಲಿ ನೇರಳೆ ಚಡ್ಡಿಯೊಂದು ಬಿದ್ದಿತ್ತು. ಹಾಕಿಕೊಂಡು ಇಳಿದೆ.

"ನಿಮ್ಮ ವಯಸ್ಸೆಷ್ಟು ಸಾರ್?" ಅಂದ ಎದುರಿನವನು, ಅನುಮಾನದಿಂದ.

"ಎಪ್ಪತ್ತೆರಡು. ಯೋಗ."

ನಂಬಿದರು! ಯೋಗ ಅಂದರೆ ಈ ದೇಶದಲ್ಲಿ ಏನು ಬೇಕಾದರೂ ನಂಬುತ್ತಾರೆ. ಚೆಂಡು ಹಿಡಿದಾಗಲೆಲ್ಲ ಅವರು ಕೈಮುಗಿಯುವುದೊಂದು ಬಾಕಿ, ಹಾಗೆ ದಾರಿ ಬಿಟ್ಟರು. ಐದು ಸಲ ಗೆರೆ ದಾಟಿದೆ. ಮೂರು ಸಲ, ಆಯ್ತಾ? ಮುಗಿದ ಮೇಲೆ ನಾಲ್ಕು ಜನ ಸುತ್ತ ಕೂತು ಗುಟ್ಟು ಕೇಳಿದರು. ಬೆಳಗ್ಗೆ ಅರಿಶಿನದ ಹಾಲು, ಅಂಗಾಲಿಗೆ ಹರಳೆಣ್ಣೆ, ಹೆಂಡತಿಯ ಮಾತಿಗೆ ಮೌನ ಅಂತ ಬರೆಸುತ್ತಿದ್ದೆ. ಅಷ್ಟರಲ್ಲಿ ಅದೇ ಹೆಂಡತಿ, ಮಗಳ ಜೊತೆ, ಒಂದು ಕೇಕು ಹಿಡಿದುಕೊಂಡು ಮೈದಾನದೊಳಗೆ ಬಂದಳು. ಅವತ್ತು ನನ್ನ ಹುಟ್ಟುಹಬ್ಬ. ಕೇಕಿನ ಮೇಲೆ ಒಂದು ಕೈ ಅಗಲದ ಅಂಕಿಯಲ್ಲಿ ನಲವತ್ತೈದು ಅಂತ ನಿಂತಿತ್ತು.

ಎಲ್ಲರೂ ನಕ್ಕರು, ಓಕ್ಲ್ಯಾಂಡಿನವರು ನನ್ನನ್ನು ಎತ್ತಿ ನೀರಿನ ತೊಟ್ಟಿಗೆ ಹಾಕಿದರು. ತಾತ ಮಾತ್ರ ಕುರ್ಚಿಯಲ್ಲೇ ಕೂತಿದ್ದರು. ಒದ್ದೆ ಮೈಯಲ್ಲೇ ಹತ್ತಿರ ಹೋದೆ.

"ಹೇಗಿತ್ತು ತಾತ?"

"ಚೆನ್ನಾಗಿತ್ತು. ಈಗ ಆ ಚಡ್ಡಿ ಬಿಚ್ಚು," ಅಂದರು. "ನಿನ್ನ ಕೈಲಿ ಬಿಚ್ಚೋಕೆ ಆಗುತ್ತಲ್ಲ."

ಕೌದಿ

ವಸಂತದ ಮ್ಯಾಚಿಗೆ ಒಂದು ತಿಂಗಳಿದೆ ಅನ್ನುವಾಗ ತಾತ ನಮ್ಮ ಮನೆಗೇ ಬಂದರು. ಬೀಳುವುದನ್ನು ಮರೆತಿದ್ದೇನೆ, ಅಭ್ಯಾಸ ಬೇಕು ಅಂದರು. ಗ್ಯಾರೇಜಿನಲ್ಲಿ ಕಾರು ಹೊರಗೆ ತೆಗೆದು, ಎರಡು ಹಾಸಿಗೆ ಹಾಕಿ, ಅದರ ಮೇಲೆ ಅತ್ತೆ ಹೊಲಿದು ಕಳಿಸಿದ್ದ ಕೌದಿ ಹಾಸಿದೆ. ಮೊದಲು ನಿಂತಲ್ಲೇ, ಆಮೇಲೆ ಎರಡು ಹೆಜ್ಜೆ ನಡೆದು. ನಾನು ಕಾಲು ಹಿಡಿಯುವುದು, ಅವರು ಗಲ್ಲ ಎದೆಗೆ ಒತ್ತಿಕೊಂಡು, ಭುಜ ತಿರುಗಿಸಿ ಉರುಳುವುದು. ಹನ್ನೊಂದು ಸಲ ಬಿದ್ದರು. ಹನ್ನೆರಡನೇ ಸಲ ಬಿದ್ದಾಗ ಹೆಂಡತಿ ಬಾಗಿಲು ತೆಗೆದಳು.

"ಏನ್ರೀ ಇದು! ನಮ್ಮವ್ವನ ಕೌದಿ ಮ್ಯಾಲ ಮುದುಕಪ್ಪನ್ನ ಕೆಡವೀರಲ್ಲ!"

"ಅವರೇ ಕೆಡವು ಅಂದದ್ದು ಕಣೇ."

"ನಾಳೆ ಬಾವ್ಯಾಗ ನೂಕು ಅಂದ್ರ ನೂಕ್ತೀರೇನು? ಅಜ್ಜಾರ, ನೀವು ಏಳ್ರಿ ಮೊದಲ."

ಅವಳು ಅವರನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಕೂರಿಸಿ ಉಪ್ಪಿಟ್ಟು ಕೊಟ್ಟಳು. ನನಗೆ ಕೊಡಲಿಲ್ಲ. ತಾತ ನಿಧಾನವಾಗಿ ಎಲ್ಲ ಹೇಳಿದರು, ಹದಿನಾಲ್ಕು ವರ್ಷ, ಚಪ್ಪಾಳೆ, ಎಲ್ಲ. ಅವಳು ಗಲ್ಲಕ್ಕೆ ಕೈ ಕೊಟ್ಟು ಪೂರ್ತಿ ಕೇಳಿದಳು. ಅವರು ಹೋದ ಮೇಲೆ ನನ್ನ ಕಡೆ ತಿರುಗಿದಳು.

"ಮಾತು ಕೊಟ್ಟೀರಿ. ಕೆಡವ್ರಿ. ಆದ್ರ ನಗಸಾಕ ಹೋಗಬ್ಯಾಡ್ರಿ. ಅವ್ರು ನಗೋ ವಿಷಯ ಹೇಳಿಲ್ಲ ನಿಮಗ."

"ನಾನ್ಯಾಕೆ ನಗಿಸಲಿ?"

"ನೀವು ನಮ್ಮಪ್ಪನ ಶ್ರಾದ್ಧದಾಗೂ ಭಟ್ಟರನ್ನ ನಗಿಸಿದವ್ರು," ಅಂದಳು.

ಸಾಷ್ಟಾಂಗ

ಮ್ಯಾಚಿನ ದಿನ ಬಿಸಿಲು ಚೆನ್ನಾಗಿತ್ತು. ಕ್ಲಬ್ಬಿನ ಸಂಸಾರಗಳೆಲ್ಲ ಬಂದಿದ್ದವು. ತಾತ ನೇರಳೆ ಚಡ್ಡಿ ಹಾಕಿಕೊಂಡು ಇಳಿದರು. ನಾನು ಎದುರು ತಂಡದಲ್ಲಿ, ಗೆರೆಯ ಹತ್ತಿರ. ಕ್ಯಾಪ್ಟನ್ ಅವರ ಕೈಗೆ ಚೆಂಡು ಕೊಟ್ಟ. ಎಂದಿನಂತೆ ಎಲ್ಲರೂ ಪರದೆ ಸರಿದ ಹಾಗೆ ಸರಿದರು. ನಾನು ಸರಿಯಲಿಲ್ಲ.

ತಾತ ನನ್ನನ್ನು ನೋಡಿದರು. ಚೆಂಡನ್ನು ಕಂಕುಳಿಗೆ ಒತ್ತಿಕೊಂಡರು. ಗಲ್ಲ ಎದೆಗೆ ತಂದರು, ಗ್ಯಾರೇಜಿನಲ್ಲಿ ಮಾಡಿದ ಹಾಗೆ. ಆಮೇಲೆ ಓಡಿದರು. ನಡೆಯಲಿಲ್ಲ, ಓಡಿದರು.

ನಾನು ಬಗ್ಗಿದೆ. ಕಣ್ಣೆದುರಿಗೆ ಅವರ ಮೊಣಕಾಲು ಬಂದವು, ಬರೀ ಮೂಳೆ, ಮೇಲೊಂದು ತೆಳ್ಳನೆ ಚರ್ಮ. ಗ್ಯಾರೇಜಿನಲ್ಲಿ ಅವರು ಪ್ಯಾಂಟು ಹಾಕಿದ್ದರು, ನನಗೆ ಕಂಡಿರಲಿಲ್ಲ. ಕೈ ಬರಲಿಲ್ಲ. ಹೆದರಿದೆ ಅಂತ ಅಲ್ಲೇ ಪಕ್ಕಕ್ಕೆ ಸರಿದಿದ್ದರೂ ಆಗುತ್ತಿತ್ತು. ಆದರೆ ನಾನು ನಾನೇ ತಾನೆ? ಹೆದರಿಕೆ ಯಾರಿಗೂ ಕಾಣಬಾರದು ಅಂತ ಅವರ ಮುಂದೆ ಉದ್ದಕ್ಕೆ ಮಲಗಿ, ಎರಡೂ ಕೈ ಚಾಚಿ, ಹಣೆ ಹುಲ್ಲಿಗೆ ಹಚ್ಚಿ ಸಾಷ್ಟಾಂಗ ನಮಸ್ಕಾರ ಹಾಕಿಬಿಟ್ಟೆ.

ಅಂಥ ನಗು ನನ್ನ ಜನ್ಮದಲ್ಲಿ ನಾನು ಎಬ್ಬಿಸಿಲ್ಲ. ಮೈದಾನದ ಒಳಗೆ, ಹೊರಗೆ, ರೆಫ್ರಿ ಸಮೇತ. ಪ್ಲಂಬರ್ ಕ್ಯಾಪ್ಟನ್ ನೆಲಕ್ಕೆ ಬಿದ್ದು ಹೊರಳಾಡಿದ.

ನನ್ನ ತಲೆಯ ಹತ್ತಿರ ಬಂದು ನಿಂತ ಎರಡು ಬೂಟು ಕಂಡವು.

"ಏಳೋ," ಅಂದರು ತಾತ, ನನಗೊಬ್ಬನಿಗೇ ಕೇಳಿಸುವ ಹಾಗೆ. "ಎದ್ದು ಆಡು."

ನಗು ಇನ್ನೂ ನಡೆಯುತ್ತಿತ್ತು. ಅದನ್ನು ಕೆಡಿಸಲು ಮನಸ್ಸಾಗದೆ ಹಾಗೇ ಮಲಗಿದ್ದೆ. ತಾತ ಸ್ವಲ್ಪ ಹೊತ್ತು ಕಾದರು. ಗೆರೆ ಎರಡು ಹೆಜ್ಜೆ ದೂರದಲ್ಲಿತ್ತು. ಅವರು ಅತ್ತ ಹೋಗಲಿಲ್ಲ. ಬಗ್ಗಿ, ಚೆಂಡನ್ನು ನನ್ನ ಕುಂಡೆಯ ಮೇಲೆ ಇಟ್ಟು, ಮೈದಾನ ಬಿಟ್ಟು ಹೊರಟುಹೋದರು. ಜನ ಅದಕ್ಕೂ ಚಪ್ಪಾಳೆ ತಟ್ಟಿದರು.

ಮನೆಗೆ ಬರುವಾಗ ಹೆಂಡತಿ ಕಾರಿನ ಕೀ ನನ್ನ ಕೈಯಿಂದ ಕಿತ್ತುಕೊಂಡು ತಾನೇ ಓಡಿಸಿದಳು. ಹಿಂದಿನ ಸೀಟಿನಿಂದ ಮಗಳು, "ಡ್ಯಾಡ್, ದಟ್ ವಾಸ್ ಸೋ ಮೀನ್," ಅಂದಳು.

ಫಿಸಿಯೋ ಬಂದ ದಿನ

ಮುಂದಿನ ಶನಿವಾರ ತಾತ ಬರಲಿಲ್ಲ. ಅದರ ಮುಂದಿನ ಶನಿವಾರವೂ ಇಲ್ಲ. ಅವರ ಮನೆ ನನ್ನ ಮನೆಯಿಂದ ಕಾರಲ್ಲಿ ಹದಿನೈದು ನಿಮಿಷ. ಹೋಗಿ ಕ್ಷಮಿಸಿ ಅನ್ನಬೇಕು ಅಂತ ಪ್ರತಿ ವಾರ ಅಂದುಕೊಂಡೆ. ಎಷ್ಟೋ ಊರಲ್ಲಿ ಎಷ್ಟೋ ಜನರನ್ನು ಗೋಳು ಹೊಯ್ದುಕೊಂಡಿದ್ದೇನೆ, ಕ್ಷಮಿಸಿ ಅಂದು ಅಭ್ಯಾಸವಿಲ್ಲ. ಬೇಸಿಗೆ ಪೂರ್ತಿ ಹಾಗೇ ಕಳೆಯಿತು. ಕೊನೆಗೆ, ತಾತ ಸೊಂಟ ಮುರಿದುಕೊಂಡು ಆಸ್ಪತ್ರೆ ಸೇರಿ ವಾಪಸು ಬಂದಿದ್ದಾರೆ ಅಂತ ಕ್ಯಾಪ್ಟನ್ ಫೋನ್ ಮಾಡಿದ ದಿನ ಹೋದೆ.

ವಾಕರ್ ಹಿಡಿದು ಕಿಟಕಿಯ ಹತ್ತಿರ ಕೂತಿದ್ದರು. ಅರ್ಧ ಆಗಿದ್ದರು.

"ತಾತ, ತಪ್ಪಾಯ್ತು. ಹೆದರಿಬಿಟ್ಟೆ."

"ಗೊತ್ತು. ನನ್ನ ಮೊಣಕಾಲು ನೋಡಿದ್ದೇ ನಿನ್ನ ಕೈ ನಿಂತುಬಿಡ್ತು."

"ವಾಸಿ ಆಗಲಿ, ನಿಮ್ಮ ಹಿತ್ತಲಲ್ಲೇ ಕೆಡವ್ತೀನಿ."

"ಇನ್ನು ಆಗಲ್ಲವೋ. ಆಟದಲ್ಲಿ ಬೀಳಬೇಕು ಅಂತ ಹದಿನಾಲ್ಕು ವರ್ಷ ಕಾದವನು ಬಚ್ಚಲಲ್ಲಿ ಬಿದ್ದೆ. ಎದುರಿಗೆ ಯಾರೂ ಇರಲಿಲ್ಲ. ಕೈಯಲ್ಲಿ ಚೆಂಡೂ ಇರಲಿಲ್ಲ. ಸೋಪಿತ್ತು."

ನನಗೆ ನಗು ಬರಲಿಲ್ಲ, ಅವರಿಗೂ ಬರಲಿಲ್ಲ.

ಅಷ್ಟರಲ್ಲಿ ಬೆಲ್ ಆಯಿತು. ನಡೆಯುವುದನ್ನು ಕಲಿಸಲು ಮನೆಗೇ ಬರುವ ಫಿಸಿಯೋ ಹೆಂಗಸು, ಅವತ್ತೇ ಮೊದಲ ಸಲ ಬಂದದ್ದು. ಫಾರಂ ತೆಗೆದು ಪೆನ್ನು ಹಿಡಿದರು. "ಹೇಗೆ ಬಿದ್ದಿರಿ?"

ತಾತ ಕಿಟಕಿಯ ಹೊರಗೆ ನೋಡಿದರು. ಅವರ ಕಿವಿ ಕೆಂಪಾಯಿತು.

"ನಾನು ಕೆಡವಿದೆ," ಅಂದೆ.

ಪೆನ್ನು ನಿಂತಿತು. "ನೀವಾ?"

"ಹೌದು ಮೇಡಂ. ರಗ್ಬಿ ಮ್ಯಾಚಿನಲ್ಲಿ."

ತಾತ ಕತ್ತು ತಿರುಗಿಸಿ ನನ್ನನ್ನು ಬಹಳ ಹೊತ್ತು ನೋಡಿದರು. ಆಮೇಲೆ ಆಕೆಗೆ, "ಎಡಗಡೆಯಿಂದ ಬಂದ," ಅಂದರು. "ತುಂಬಾ ಕೆಳಗಿಂದ. ನನಗೆ ಕಾಣಲೇ ಇಲ್ಲ."

"ಎಂಬತ್ನಾಲ್ಕು ವರ್ಷದವರನ್ನ!" ಆಕೆ ನನ್ನ ಮೇಲೆ ಹರಿಹಾಯ್ದರು. "ಏನು ಮಾಡಿದ್ರು ಇವರು ನಿಮಗೆ?"

"ಚೆಂಡು ಅವರ ಹತ್ರ ಇತ್ತು."

"ನಾಚಿಕೆ ಆಗಲ್ವಾ ನಿಮಗೆ?"

"ಆಗುತ್ತೆ," ಅಂದೆ.

ಆಕೆ ತಲೆ ಅಲ್ಲಾಡಿಸುತ್ತಾ ಬರೆದುಕೊಂಡರು. ತಾತ ವಾಕರ್ ಹಿಡಿದು ನೆಟ್ಟಗೆ ಕೂತು, ಬೆರಳಿಂದ ಆ ಫಾರಂ ತಟ್ಟಿದರು.

"ಇದನ್ನೂ ಬರ್ಕೊಳಮ್ಮ. ಬಿದ್ದೆ, ಆದ್ರೆ ಚೆಂಡು ಬಿಡಲಿಲ್ಲ."